ದವಡೆಹಲ್ಲು ಮುರಿದ ಶನಿವಾರದಿಂದ ಸೋಮವಾರದವರೆಗೆ

ಕಳೆದ ಆಷಾಢದ ಒಂದು ಶನಿವಾರ ಸಂಜೆ, ಮಳೆ ಬಿಡದೆ ಸುರಿಯುತ್ತಿದ್ದಾಗ, ಕೋಡುಬಳೆ ಕಡಿಯುತ್ತಿದ್ದ ನನ್ನ ಬಾಯಿಗೆ ಕಲ್ಲಿನಂಥದ್ದೇನೋ ಸಿಕ್ಕಿತು. ಅಂಗೈಗೆ ಉಗಿದು ನೋಡಿದರೆ, ಹಿಂದೊಮ್ಮೆ ಹುಳುಕಾಗಿ ಸಿಮೆಂಟ್ ತುಂಬಿಸಿಕೊಂಡಿದ್ದ ಎಡಗಡೆಯ ದವಡೆಹಲ್ಲಿನ ಚೂರು. ನಮ್ಮ ಮನೆ ಇರುವುದು ಹಾನುಬಾಳಿನ ಕಡೆ. ನನ್ನ ಹಲ್ಲು ನೋಡುವ ವೈದ್ಯರು ಇರುವುದು ಹಾಸನದಲ್ಲಿ, ಸಕಲೇಶಪುರ ದಾಟಿ ಮತ್ತೆ ಸುಮಾರು 40 ಕಿಲೋಮೀಟರ್. ಅವರು ಸಿಗುವುದು ಸೋಮವಾರ ಬೆಳಿಗ್ಗೆ.

ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದೆ. ಉಸಿರೆಳೆದರೂ ಹಲ್ಲು ಝುಂ ಎನ್ನುತ್ತಿತ್ತು. ಹಲ್ಲಿನ ಹೊರಗವಚವಾದ ಎನಾಮಲ್‌ಗೆ ನೋವು ತಿಳಿಯುವುದಿಲ್ಲ. ಅದರ ಕೆಳಗಿನ ಡೆಂಟಿನ್ ಪದರದಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳ ಮೂಲಕ ತಂಪು, ಬಿಸಿ, ಸಿಹಿಗಳೆಲ್ಲ ಒಳಗಿನ ನರವನ್ನು ಕೆಣಕುತ್ತವೆ. ಹಾಗಾಗಿ ವೈದ್ಯರನ್ನು ಕಾಣುವವರೆಗೆ ನಮ್ಮ ಕೈಲಾಗುವ ಕೆಲಸವೆಂದರೆ ಆ ಜಾಗವನ್ನು ಶುಚಿಯಾಗಿಟ್ಟು, ಮುಚ್ಚಿ, ಅದರ ಮೇಲೆ ಭಾರ ಬೀಳದಂತೆ ಕಾಯುವುದು.

"ಒಂಚೂರು ಹೊಗೆಸೊಪ್ಪು ಒತ್ಕೊಳಮ್ಮ, ಮರಗಟ್ಟುತ್ತೆ" ಎಂದರು ಅತ್ತೆ. ಅವರ ಕಾಲದಲ್ಲಿ ಬೇರೆ ದಾರಿ ಇರಲಿಲ್ಲವೆಂಬುದು ನನಗೆ ಗೊತ್ತು, ಆದರೂ ಬೇಡವೆಂದೆ. ಆಸ್ಪಿರಿನ್ ಮಾತ್ರೆಯನ್ನು ಪುಡಿ ಮಾಡಿ ಹಲ್ಲಿಗೆ ಒತ್ತುವವರೂ ಇದ್ದಾರೆ. ಅದರ ಆಮ್ಲಕ್ಕೆ ವಸಡು ಸುಟ್ಟು ಹುಣ್ಣಾಗುತ್ತದೆ. ನಾನು ನೆಚ್ಚಿದ್ದು ಲವಂಗದ ಎಣ್ಣೆಯನ್ನು. ಅದರಲ್ಲಿರುವ ಯುಜಿನಾಲ್ ಸ್ವಲ್ಪ ಹೊತ್ತು ನೋವನ್ನು ಮಂಕಾಗಿಸುತ್ತದೆ, ಆದರೆ ಹತ್ತಿಗೆ ಒಂದೇ ಹನಿ ಸಾಕು, ಹೆಚ್ಚಾದರೆ ಅದೂ ವಸಡನ್ನು ಸುಡುತ್ತದೆ. ನಾಲಿಗೆಯನ್ನು ಗೀರುತ್ತಿದ್ದ ಚೂಪು ಅಂಚಿಗೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮನ್ನು ಮೆತ್ತಿಕೊಂಡು, ನಿದ್ದೆಯಲ್ಲಿ ಗಂಟಲಿಗೆ ಹೋಗದಿರಲೆಂದು ಮಲಗುವ ಮುನ್ನ ತೆಗೆದುಬಿಟ್ಟೆ. ಊಟದ ಮೇಲೆ 500 ಮಿಲಿಗ್ರಾಂನ ಒಂದು ಪ್ಯಾರಸಿಟಮಾಲ್ ನುಂಗಿದೆ. ಮುಂದಿನದಕ್ಕೆ 6 ಗಂಟೆ ಕಾದೆ. ಚಪ್ಪಟೆ ಮಲಗಿದರೆ ತಲೆಗೆ ರಕ್ತ ಹೆಚ್ಚು ಹರಿದು ಹಲ್ಲು ಮಿಡಿಯುತ್ತದೆ. ಎರಡು ದಿಂಬು ಇಟ್ಟುಕೊಂಡ ಮೇಲೆಯೇ ನನಗೆ ಕಣ್ಣು ಹತ್ತಿದ್ದು.

ಊಟಕ್ಕೆ ಕಷ್ಟವಾಗಲಿಲ್ಲ. ಅಗಿಯದೆ ನುಂಗುವ ಮುದ್ದೆ ನಮ್ಮ ಹಾಸನ ಸೀಮೆಯವರಿಗೆ ಇಂಥ ಹೊತ್ತಿನಲ್ಲಿ ದೊಡ್ಡ ಆಸರೆ. ಆರಿದ ಸಾರು, ಬಲಗಡೆಯ ದವಡೆ, ಅಷ್ಟೇ.

ಭಾನುವಾರ ಮಧ್ಯಾಹ್ನ ನೋವು ಇದ್ದಕ್ಕಿದ್ದಂತೆ ನಿಂತುಹೋಯಿತು. "ಈ ಮಳೆಯಲ್ಲಿ ನಾಳೆಯೇ ಹೋಗಬೇಕೆ?" ಎಂದು ನಮ್ಮ ಯಜಮಾನರು ಕೇಳಿದರು. ನನಗೆ ಹೆದರಿಕೆಯಾದದ್ದು ಆಗಲೇ. ಒಳಗಿನ ನರ ಸತ್ತಾಗಲೂ ನೋವು ಹೀಗೆಯೇ ನಿಲ್ಲುತ್ತದೆ. ಸೋಂಕು ಮಾತ್ರ ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತಾ ಹೋಗಿ, ಎಷ್ಟೋ ದಿನಗಳ ಮೇಲೆ ಕೀವಾಗಿ ಕಾಣಿಸಿಕೊಳ್ಳಬಹುದು. ಕೆನ್ನೆ ಊದಿ ಜ್ವರ ಬಂದಿದ್ದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾಗಿದ್ದರೆ, ಸೋಮವಾರದವರೆಗೂ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡುತ್ತಿದ್ದೆ.

ಸೋಮವಾರ ಎಕ್ಸ್‌ರೇ ನೋಡಿದ ವೈದ್ಯರು, ಬಿರುಕು ನರದವರೆಗೂ ಹೋಗಿದೆಯೆಂದು ತಿಳಿಸಿ ರೂಟ್ ಕೆನಾಲ್ ಆರಂಭಿಸಿದರು. ಆಮೇಲೆ ಕ್ಯಾಪ್ ಹಾಕಿದರು. ನಾನು ಡಬ್ಬಿಯಲ್ಲಿ ಹಾಲಿಗೆ ಹಾಕಿ ಒಯ್ದಿದ್ದ ಚೂರು ಈ ಹಲ್ಲಿಗೆ ಕೂಡಲಿಲ್ಲ, ಆದರೆ ಮುಂಭಾಗದ ಹಲ್ಲಿನ ಚೂರನ್ನು ಎಷ್ಟೋ ಸಲ ಮತ್ತೆ ಅಂಟಿಸಲು ಆಗುತ್ತದೆಂದು ಅವರು ಹೇಳಿದರು. ಮಕ್ಕಳು ಆಡುವಾಗ ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಳಚಿಬಿದ್ದರೆ, ಬೇರನ್ನು ಮುಟ್ಟದೆ ಬಿಳಿಯ ಭಾಗವನ್ನಷ್ಟೇ ಹಿಡಿದು, ಹಾಲಿನಲ್ಲಿಟ್ಟು, ಗಂಟೆಯೊಳಗೆ ಓಡಿ ಬರಬೇಕಂತೆ. ನನ್ನ ಮಗಳು ಖೋಖೋ ಆಡುತ್ತಾಳೆ. ಮರುದಿನವೇ ಅವಳ ಶಾಲೆಗೆ ಹೋಗಿ ಆಟದ ಮೇಷ್ಟ್ರಿಗೆ ಇದನ್ನು ಹೇಳಿ ಬಂದೆ.