ಹಾಲಿನ ಗಿಂಡಿ

"ಚಾಯ ಕುಡಿವಲೆ ಅಷ್ಟು ದೂರ ಹೋಯೆಕಾ?" ಅಂತ ಅಮ್ಮ ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳುವಷ್ಟರಲ್ಲಿ ಕಾರು ಗೇಟು ದಾಟಿತ್ತು.

ಅಣ್ಣನ ಮಗಳು ಬೆಂಗಳೂರಿನಿಂದ ರಜೆಗೆ ಬಂದಿದ್ದಳು. ಬೇಕಲದಲ್ಲಿ ಕಡಲ ಪಕ್ಕದ ಸ್ಟಾರ್ ಹೋಟೆಲೊಂದರಲ್ಲಿ ಮೂವರಿಗೆ ಮುಂಗಡ ಬುಕ್ ಮಾಡಿ, ದುಡ್ಡೂ ಕಟ್ಟಿ ಆಗಿತ್ತು. ವಾಪಸ್ ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ಅಮ್ಮ ಸೀರೆ ಬದಲಾಯಿಸಿದಳು. ಕೈಚೀಲಕ್ಕೆ ಒಂದು ಕಟ್ಟು ಬಾಳೆಕಾಯಿ ಉಪ್ಪೇರಿಯನ್ನೂ ಹಾಕಿಕೊಂಡಳು. ಅಲ್ಲಿಯದ್ದು ಗಂಟಲಲ್ಲಿ ಇಳಿಯದಿದ್ದರೆ ಇರಲಿ ಅಂತ.

ನೀರ್ಚಾಲಿನಿಂದ ಕಾಸರಗೋಡು ಪೇಟೆ, ಅಲ್ಲಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಪಾಲಕುನ್ನು. ಸೇತುವೆ ಬಂದಾಗಲೆಲ್ಲ ನನ್ನ ಬಾಯಿಂದ ಒಂದು ಹಳೇ ತಮಾಷೆ ಹೊರಡುತ್ತದೆ: "ಮಹಾಜನ ವರದಿ ಪ್ರಕಾರ ಕರ್ನಾಟಕ ಇಲ್ಲಿಗೆ ಮುಗೀತು, ಇನ್ನು ಕೇರಳ." ಹೊಳೆಯ ಬಡಗು ದಿಕ್ಕಿನ ನಾಡು ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ 1967ರಲ್ಲಿ ಬರೆದ ವರದಿ ಅದು. ಸೇರಿಸಿದವರಿಲ್ಲ. "ಯಾವ ಮಹಾಜನ, ಅತ್ತೆ?" ಅಂತ ಹುಡುಗಿ ಕೇಳಿದಳು. ಅಮ್ಮ ನಿದ್ದೆ ಹೋಗಿದ್ದಳು.

ಬೇಕಲದ ಕೋಟೆಯನ್ನು ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ ಅಂತ ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವಳು ನಾನು. ಅಭ್ಯಾಸ ಬಲದಿಂದ ಹೋಟೆಲಿನ ಕಾರ್ಡಿನಲ್ಲೂ ಕನ್ನಡ ಹುಡುಕಿದೆ. ಇಂಗ್ಲಿಷು ಮಾತ್ರ ಇತ್ತು, ಅದೂ ಬಳ್ಳಿ ಹಬ್ಬಿದಂಥ ಅಕ್ಷರದಲ್ಲಿ.

ಕಾರ್ಡಿನ ತಲೆಯ ಮೇಲೆ 'ಹೈ ಟೀ' ಅಂತ ಬರೆದಿದ್ದರು. ಇಂಗ್ಲೆಂಡಿನಲ್ಲಿ ಆ ಹೆಸರು ಕಾರ್ಖಾನೆಯಿಂದ ದಣಿದು ಬಂದವರ ಸಂಜೆ ಊಟಕ್ಕೆ ಸೇರಿದ್ದು. ಮಾಂಸ, ಆಲೂಗಡ್ಡೆ, ಎತ್ತರದ ಊಟದ ಮೇಜು ಎಲ್ಲ ಅದರ ಲೆಕ್ಕ. ದೊಡ್ಡ ಮನೆಯವರ ಮಧ್ಯಾಹ್ನದ ಚಹಾ ಗಿಡ್ಡ ಮೇಜಿನದ್ದು. ಬೆಡ್‌ಫರ್ಡಿನ ಡಚೆಸ್ ಆ್ಯನಾಗೆ ಮಧ್ಯಾಹ್ನದ ಊಟಕ್ಕೂ ತಡರಾತ್ರಿಯ ಊಟಕ್ಕೂ ನಡುವೆ ಹೊಟ್ಟೆ ಚುರುಗುಟ್ಟಿ, 1840ರ ಸುಮಾರಿಗೆ ಶುರುವಾದ ಪದ್ಧತಿ ಅನ್ನುತ್ತಾರೆ. ನಮ್ಮಲ್ಲಿ ಹೋಟೆಲಿನವರು ಎರಡನ್ನೂ ಕಲಸಿಬಿಟ್ಟಿದ್ದಾರೆ. ಹೆಸರು ಎತ್ತರ, ಮೇಜು ಗಿಡ್ಡ. ಅಮ್ಮನ ಮಂಡಿಗೆ ಬೇಕಾದದ್ದು ಎತ್ತರದ್ದೇ. ಆ ಸೋಫಾದಲ್ಲಿ ಅವಳು ಕೂತದ್ದಲ್ಲ, ಹೂತುಹೋದಳು.

ಮೂರು ಅಂತಸ್ತಿನ ತಟ್ಟೆ ಬಂತು. ಕೆಳಗೆ ಸ್ಯಾಂಡ್‌ವಿಚ್, ನಡುವೆ ಸ್ಕೋನ್, ಮೇಲೆ ಸಿಹಿ. ಕೆಳಗಿನಿಂದ ತಿನ್ನುತ್ತ ಹತ್ತಬೇಕಂತೆ. ಅಮ್ಮ ಮೊದಲು ಎಲ್ಲದರಲ್ಲೂ ಮೊಟ್ಟೆ ಇದೆಯಾ ಅಂತ ವಿಚಾರಿಸಿಕೊಂಡಳು. ಇಲ್ಲ, ಹಾಗೇ ಹೇಳಿ ಮಾಡಿಸಿದ್ದು. ಆಮೇಲೆ ಸ್ಯಾಂಡ್‌ವಿಚ್ಚಿನ ಮೇಲಿನ ಬ್ರೆಡ್ಡನ್ನು ಎರಡು ಬೆರಳಲ್ಲಿ ಎತ್ತಿ ಒಳಗೆ ಇಣುಕಿದಳು. "ಮುಳ್ಳುಸೌತೆ!" ಬೆಣ್ಣೆ ಸವರಿ, ಕಾಗದದಷ್ಟು ತೆಳ್ಳಗೆ ಹೆಚ್ಚಿದ ಮುಳ್ಳುಸೌತೆ. ಮನೆಯಲ್ಲಿ ಚಪ್ಪರದ ಮೇಲೆ ಹಳದಿಯಾಗಿ ದನಕ್ಕೆ ಹೋಗುವಂಥದ್ದು. "ಉಪ್ಪೇ ಇಲ್ಲೆ" ಅಂತ ಒಂದು ಷರಾ ಬಿತ್ತು.

ಸ್ಕೋನಿನ ಬಗ್ಗೆ ನನ್ನದೂ ಒಂದು ಮಾತಿದೆ. ಬನ್ಸ್ ತಿಂದು ಬೆಳೆದವರಿಗೆ ಅದು ಸ್ವಲ್ಪ ಬಡಪಾಯಿ ತಿಂಡಿ. ಮೇಲೆ ಬಿರುಕು, ಒಳಗೆ ಪುಡಿಪುಡಿ. ಜೊತೆಗಿದ್ದ ಗಟ್ಟಿ ಕೆನೆ ಮಾತ್ರ ಭೇಷ್. ಡೆವನ್‌ನವರು ಮೊದಲು ಕೆನೆ ಹಚ್ಚಿ ಮೇಲೆ ಜ್ಯಾಮ್ ಇಡುತ್ತಾರೆ, ಕಾರ್ನ್‌ವಾಲಿನವರು ಮೊದಲು ಜ್ಯಾಮ್, ಅದಕ್ಕೇ ಅವರಲ್ಲಿ ಜಗಳ ಅಂತ ಸೊಸೆ, ಅದೇ ಅಣ್ಣನ ಮಗಳು, ಪಾಠ ಮಾಡಿದಳು. ಅಮ್ಮ ಎರಡೂ ಪಕ್ಷ ಸೇರಲಿಲ್ಲ. ಜ್ಯಾಮನ್ನು ತಟ್ಟೆಯ ಕರೆಯಲ್ಲಿ ಉಪ್ಪಿನಕಾಯಿಯ ಹಾಗೆ ಇಟ್ಟುಕೊಂಡು ಬೆರಳಲ್ಲಿ ನೆಂಜಿಕೊಂಡಳು.

ಚಹಾ ಎರಡು ಕೆಟಲಿನಲ್ಲಿ ಬಂತು. ಸೊಸೆಯದು ಅರ್ಲ್ ಗ್ರೇ. ಮುಚ್ಚಳ ತೆಗೆದರೆ ಹೇರಳೆಕಾಯಿ ಸಿಪ್ಪೆ ಚಿವುಟಿದ ಪರಿಮಳ. ಬರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ ಸೇರಿಸುತ್ತಾರಂತೆ. ನಮ್ಮಿಬ್ಬರದು ಅಸ್ಸಾಂ. ಜೊತೆಗೊಂದು ಮರಳು ಗಡಿಯಾರ. ಮರಳು ಪೂರ್ತಿ ಇಳಿದ ಮೇಲೆ ಬಗ್ಗಿಸಬೇಕು. ನಾನು ಕಡಲು ನೋಡುತ್ತ ಕೂತು ಮರಳು ಇಳಿದು ಎಷ್ಟೋ ಹೊತ್ತಾಗಿತ್ತು. ಬಗ್ಗಿಸಿದರೆ ಕಷಾಯ. ಹಾಲು ಸುರಿದು ಮರ್ಯಾದೆ ಉಳಿಸಿಕೊಂಡೆ.

ಈಗ ನಿಜವಾದ ಸಮಸ್ಯೆ. ಅಮ್ಮ ಹುಟ್ಟಿದಂದಿನಿಂದ ಲೋಟ ಕಚ್ಚಿ ಕುಡಿದವಳಲ್ಲ. ಏನಿದ್ದರೂ ಎತ್ತಿ ಕುಡಿಯುವುದೇ. ಲೋಟವಾದರೆ ಸರಿ. ಹಿಡಿಕೆಯಿರುವ, ಬಾಯಿ ಅರಳಿದ ಈ ಪಿಂಗಾಣಿ ಕಪ್ಪನ್ನು ಎತ್ತಿ ಹೊಯ್ದುಕೊಂಡರೆ ಚಹಾ ಬೀಳುವುದು ಕುತ್ತಿಗೆಗೆ. ಒಂದು ಸಲ ಎತ್ತಿ, ಅಳತೆ ನೋಡಿ, ಕೆಳಗಿಟ್ಟಳು. ಮೇಜಿನ ಮೇಲೆಲ್ಲ ಕಣ್ಣು ಹಾಯಿಸಿದಳು. ಹಾಲಿನ ಜಗ್ಗು ಕಂಡಿತು, ಅಂಗೈಯಷ್ಟೇ ಎತ್ತರದ್ದು, ಮುಂದೆ ಪುಟ್ಟ ಕೊಕ್ಕು. ಅದರಲ್ಲಿ ಉಳಿದ ಹಾಲನ್ನು ನನ್ನ ಕಪ್ಪಿಗೆ ಸುರಿದಳು. ತನ್ನ ಚಹಾವನ್ನು ಅದಕ್ಕೆ ಬಗ್ಗಿಸಿದಳು. ಆಮೇಲೆ ಗಿಂಡಿಯಿಂದ ನೀರು ಕುಡಿಯುವ ಹಾಗೆ ತಲೆ ಹಿಂದಕ್ಕೆ ಬಾಗಿಸಿ, ಕೊಕ್ಕಿನಿಂದ ಸಣ್ಣ ಧಾರೆ ಬಿಟ್ಟುಕೊಂಡು, ಒಂದು ಹನಿ ಚೆಲ್ಲದೆ ಕುಡಿದಳು.

"ಅಜ್ಜೀ!" ಅಂದಳು ಸೊಸೆ, ದನಿ ತಗ್ಗಿಸಿ.

ಬಡಿಸುತ್ತಿದ್ದ ಹುಡುಗ ನೋಡಿದ. ಒಳಗೆ ಹೋದ. ಈಗ ಯಾರೋ ಮೇಲಿನವರು ಬರುತ್ತಾರೆ ಅಂದುಕೊಂಡೆ. ಅವನು ಇನ್ನೊಂದು ಜಗ್ಗಿನಲ್ಲಿ ಹಾಲು ತಂದು ಮೇಜಿನ ಮೇಲಿಟ್ಟ, ಅಷ್ಟೆ.

"ಮೋನೇ, ನಾಡ್ ಏಡಿಯಾ?" ಅಂತ ಅಮ್ಮ ಊರು ಕೇಳಿದಳು.

ಅವನು ಮಲಯಾಳದಲ್ಲೇ ಉತ್ತರಿಸಿದ. ಅಸ್ಸಾಂ, ದಿಬ್ರುಗಢದ ಕಡೆ, ಇಲ್ಲಿಗೆ ಬಂದು ಮೂರು ವರ್ಷ. ಅವನದು ಮೂರು ವರ್ಷದ ಮಲಯಾಳ. ಅಮ್ಮನದು ಅರುವತ್ತು ವರ್ಷದ್ದು, ತೋಟದ ಆಳುಗಳ ಜೊತೆ, ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ ಕಲಿತದ್ದು. ಎರಡಕ್ಕೂ ವ್ಯಾಕರಣವಿಲ್ಲ, ಹಾಗಾಗಿ ಸಲೀಸಾಗಿ ಹೊಂದಿಕೊಂಡವು. ಸೊಸೆಗೆ ಒಂದಕ್ಷರ ತಿಳಿಯಲಿಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದ್ದರ ವಿರುದ್ಧ ಕಾಸರಗೋಡಿನಲ್ಲಿ ಬಿಸಿಲಿಗೆ ಕೂತವಳು ನಾನು. ಸೊಸೆಗೆ ಅವರಿಬ್ಬರ ಮಾತನ್ನು ಕನ್ನಡಕ್ಕೆ ಮಾಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಅವನ ಅಪ್ಪ ಅಮ್ಮ ಚಹಾ ತೋಟದಲ್ಲಿ ಎಲೆ ಕೊಯ್ಯುವವರಂತೆ. ಹಾಗಾದರೆ ಮನೆಯಲ್ಲಿ ಒಳ್ಳೇ ಚಾಯ ಇರಬೇಕಲ್ಲ ಅಂದಳು ಅಮ್ಮ. ಅವನು ನಕ್ಕ. ಈ ಕೆಟಲಿನಂಥದ್ದು ಅಲ್ಲಿ ಕುಡಿದೇ ಗೊತ್ತಿಲ್ಲ. ಹಾಲಿಲ್ಲ, ಸಕ್ಕರೆಯಿಲ್ಲ, ಕಪ್ಪು ಚಹಾಕ್ಕೆ ಉಪ್ಪು. ಕೆಲಸದ ನಡುವೆ ಎಲೆ ಕೊಯ್ಯುವವರಿಗೆ ಕೊಡುವುದೂ ಅದನ್ನೇ.

"ಚಾಯಕ್ಕೆ ಉಪ್ಪಾ?" ನಾನು ಅಂದೆ.

ಅಮ್ಮನಿಗೆ ಆಶ್ಚರ್ಯವಾಗಲಿಲ್ಲ. "ಮತ್ತೆಂತರ? ಬೆಗರು ಹೋಪವಕ್ಕೆ ಉಪ್ಪು ಬೇಡದಾ? ನಾವು ಗದ್ದೆಗೆ ತೆಳಿ ಉಪ್ಪು ಹಾಕದ್ದೆ ಕಳುಸಿದ್ದಿದ್ದಾ?"

ಗಂಜಿ ತೆಳಿ. ನಾಲ್ಕು ಗಂಟೆಯಾಯಿತು ಅಂದರೆ ಅಂಗಳದಲ್ಲಿ ಆಳುಗಳಿಗೆ ಚಾಯ, ಬೆಲ್ಲ ಕಲಸಿದ ಅವಲಕ್ಕಿ. ಮನೆಗೆ ಯಾರು ಬಂದರೂ ಮೊದಲು "ಆಸರಿಂಗೆ ಎಂತ ಬೇಕು?", ಬಾಯಾರಿಕೆಗೆ ಏನು ಬೇಕು ಅಂತ. ಅಮ್ಮನ ನಾಲ್ಕು ಗಂಟೆ ಯಾವಾಗಲೂ ಒಲೆಯ ಮುಂದಿನದ್ದೇ. ಈಗಲೂ ಅವಳು ಸೋಫಾದಿಂದ ಅರ್ಧ ಎದ್ದು, ಕೆಟಲ್ ಎತ್ತಿ, ಬಳಸದ ಕಪ್ಪೊಂದನ್ನು ಹುಡುಗನ ಕಡೆ ಸರಿಸಿದಳು. ಅವನು ಗಾಬರಿಯಿಂದ ಹಿಂದೆ ನೋಡಿದ. ಗಿರಾಕಿಗಳ ಎದುರು ಕುಡಿಯುವ ಹಾಗಿಲ್ಲ ಅಂದ. "ಅವಂಗೆ ಆಸರಿಂಗೆ ಯಾರು ಕೊಡ್ತವು?" ಅಂತ ಅಮ್ಮ ನನ್ನನ್ನು ಕೇಳಿದಳು. ಉತ್ತರ ನನ್ನಲ್ಲಿರಲಿಲ್ಲ. ಉಪ್ಪೇರಿ ಕಟ್ಟು ಹೊರಬಂತು. ಅದನ್ನು ಅವನು ಕರವಸ್ತ್ರದೊಳಗೆ ಮುಚ್ಚಿಟ್ಟು ಒಯ್ದ.

ಡಚೆಸ್‌ಗೆ ಹಸಿವಾಗುವ ಹೊತ್ತಿಗೆ ಅಸ್ಸಾಮಿನ ಚಹಾ ಹಡಗು ಹತ್ತಿಯಾಗಿತ್ತು. 1839ರಲ್ಲಿ ಲಂಡನ್ನಿನಲ್ಲಿ ಅದರ ಮೊದಲ ಹರಾಜು. ವಾಪಸ್ ಬರುವಾಗ ಇದನ್ನು ಹೇಳಿದೆ. ಅಮ್ಮನ ಲಕ್ಷ್ಯ ಬಿಲ್ಲಿನ ಮೇಲಿತ್ತು. ಊರ ಅಂಗಡಿಯಲ್ಲಿ ಹನ್ನೆರಡು ರೂಪಾಯಿಯ ಚಾಯಕ್ಕೆ ಶೇಕಡಾ 18 ತೆರಿಗೆ ಎಷ್ಟಾಗುತ್ತದೆ ಅಂತ ಮೇಲ್ಪರಂಬದವರೆಗೂ ಲೆಕ್ಕ ಹಾಕುತ್ತಿದ್ದಳು.

ರಾತ್ರಿ ಸೊಸೆ ಫೋಟೋ ಹಾಕಿದಳು. ಕಡಲು, ಮೂರಂತಸ್ತಿನ ತಟ್ಟೆ, ಕತ್ತರಿಸದ ಸ್ಕೋನ್. ಎಡ ಮೂಲೆಯಲ್ಲಿ ಎರಡು ಬಳೆಯ ಒಂದು ಕೈ ಮಾತ್ರ, ಮೇಲಕ್ಕೆತ್ತಿದ ಪುಟ್ಟ ಜಗ್ಗು, ಕೊಕ್ಕಿನಿಂದ ಇಳಿಯುವ ಕಂದು ಬಣ್ಣದ ಎಳೆ. ಅವಳ ಗೆಳತಿಯೊಬ್ಬಳು ಕೆಳಗೆ ಕೇಳಿದ್ದಳು, ಇದು ಯಾವ ದೇಶದ ಪದ್ಧತಿ ಅಂತ.