ಫೋಟೋ ಇಷ್ಟು ಮಸುಕು, ಚಿತ್ರ ಹೇಗೆ ಅಷ್ಟು ಸ್ಪಷ್ಟ?

"ಫೋಟೋದಲ್ಲಿ ಏನೂ ಕಾಣ್ತಾ ಇಲ್ಲ. ನೀವು ಒಂದೊಂದು ಕೂದಲೂ ಬಿಡಿಸಿದ್ದೀರಿ. ಹೇಗೆ?"

ಜನ ಕಳಿಸಿದ ಫೋಟೋ ನೋಡಿ ನಾನು ಪೆನ್ಸಿಲ್‌ನಲ್ಲಿ ಕಾಡುಪ್ರಾಣಿಗಳ ಚಿತ್ರ ಬಿಡಿಸುತ್ತೇನೆ ಅಂತ ಗೊತ್ತಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮದುವೆ ಊಟಕ್ಕೆ ಕೂತಲ್ಲಿ ಕೇಳಿದ್ದಾರೆ. ಉಡುಪಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗಲೂ ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ವಿವರ ಫೋಟೋದಿಂದ ಬರುವುದಿಲ್ಲ. ಪ್ರಾಣಿ ಹೇಗಿರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಪ್ರಾಣಿ ಹೇಗೆ ನಿಂತಿದೆ, ಮೈಭಾರ ಯಾವ ಕಾಲಿನ ಮೇಲಿದೆ, ಬೆಳಕು ಎಲ್ಲಿಂದ ಬಿದ್ದಿದೆ, ಇಷ್ಟನ್ನು ಮಸುಕಾದ ಫೋಟೋ ಹೇಳಿದರೆ ನನಗೆ ಸಾಕು. ದೂರದಲ್ಲಿ ಬರುವ ಅಪ್ಪನನ್ನು ಮುಖ ಕಾಣದಿದ್ದರೂ ನಡಿಗೆಯಿಂದಲೇ ಗುರುತು ಹಿಡಿಯುತ್ತೇವೆ, ಅಲ್ವಾ? ಹಾಗೆಯೇ ಇದೂ.

ಪ್ರಶ್ನೆ ಇಲ್ಲಿಗೇ ನಿಂತರೆ ನನಗೆ ಬೇಜಾರಿಲ್ಲ. ಅದರ ಹಿಂದೆ ಬರುವ ಮಾತಿದೆಯಲ್ಲ, "ಅಂದ್ರೆ ಉಳಿದದ್ದೆಲ್ಲ ಸುಮ್ನೆ ಊಹೆ", ಅದು ನನಗೆ ಆಗುವುದಿಲ್ಲ.

ಮಂಗಳೂರಿನಲ್ಲಿ ಒಂದು ಪ್ರದರ್ಶನದಲ್ಲಿ ನನ್ನ ಚಿರತೆಯ ಚಿತ್ರ ಇಟ್ಟಿದ್ದೆ. ಹೆಬ್ರಿ ಕಡೆಯ ಪರಿಚಯದವರೊಬ್ಬರು ರಾತ್ರಿ ಮನೆಯ ಕಿಟಕಿಯಿಂದ ತೆಗೆದ ಫೋಟೋ ಅದಕ್ಕೆ ಆಧಾರ. ಕೆಂಪುಕಲ್ಲಿನ ಪಾಗಾರದ ಮೇಲೆ ಚಿರತೆ. ಫೋನಿನ ಝೂಮ್ ಪೂರ್ತಿ ಎಳೆದಿದ್ದರು. ಅದು ವಾಟ್ಸ್ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ನನ್ನ ಹತ್ತಿರ ಬರುವಾಗ ಮೀಸೆಯೂ ಉಳಿದಿರಲಿಲ್ಲ. ಆ ಫೋಟೋವನ್ನು ಚಿತ್ರದ ಪಕ್ಕದಲ್ಲೇ ಅಂಟಿಸಿದ್ದೆ, ಜನ ಎರಡನ್ನೂ ನೋಡಲಿ ಅಂತ.

ಒಬ್ಬರು ಹಿರಿಯರು ಬಂದು ಎರಡನ್ನೂ ನೋಡಿದರು. "ಎಂತ ಮಾರಾಯ್ರೆ, ಇದರಲ್ಲಿ ಚಿರತೆಯೇ ಕಾಣುದಿಲ್ಲ. ಇದೆಲ್ಲ ನಿಮ್ಮ ತಲೆಯಿಂದ ಬಂದದ್ದಲ್ವಾ?" ಅವರ ಜೊತೆಗಿದ್ದವರು, "ಹಾಗಾದ್ರೆ ಹುಲಿಯನ್ನೇ ಬಿಡಿಸ್ಬಹುದಿತ್ತು. ರೇಟು ಜಾಸ್ತಿ ಸಿಗ್ತಿತ್ತು" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವರನ್ನು ಬಿಡಲಿಲ್ಲ. ಅವರ ಕೈಯಲ್ಲಿದ್ದ ಚಾ ತಣ್ಣಗಾಗುವ ತನಕ ಹೇಳಿದೆ.

ಫೋಟೋದಲ್ಲಿ ಕಣ್ಣು ಅಂದರೆ ಎರಡು ಬಿಳಿ ಚುಕ್ಕೆ. ಕಣ್ಣಿನ ಒಳಗೆ, ಹಿಂಭಾಗದಲ್ಲಿರುವ ಹೊಳೆಯುವ ಪದರಕ್ಕೆ ಟಾರ್ಚ್ ಬೆಳಕು ತಾಗಿ ವಾಪಸ್ ಬಂದದ್ದು ಅದು. ಕಣ್ಣಿನ ಪಾಪೆ ಎಲ್ಲೂ ಇಲ್ಲ. ಆದರೆ ಬೆಳಕಿಗೆ ಮನೆಯ ಬೆಕ್ಕಿನ ಪಾಪೆ ಉದ್ದ ಸೀಳಿನಂತೆ ಆಗುತ್ತದೆ, ಚಿರತೆಯದ್ದು ಚಿಕ್ಕದಾದರೂ ದುಂಡಗೇ ಇರುತ್ತದೆ. ಇದು ಊಹೆ ಅಲ್ಲ. ಮೂಗಿನ ಮೇಲಿನ ಕೂದಲು ತೀರಾ ಗಿಡ್ಡ, ಹಣೆಯ ಕಡೆಗೆ ಹೋಗುತ್ತದೆ. ಕೆನ್ನೆಯದ್ದು ಉದ್ದ, ಹಿಂದಕ್ಕೆ ಹರಡುತ್ತದೆ. ಕಿವಿಯ ಹಿಂಬದಿ ಕಪ್ಪು, ನಡುವೆ ತಿಳಿ ಬಣ್ಣದ ಗುರುತು. ಬೆನ್ನು, ಪಕ್ಕೆಯಲ್ಲಿ ಉಂಗುರದಂಥ ಚುಕ್ಕೆಗಳು. ತಲೆಗೆ, ಕಾಲಿನ ಕೆಳಗೆ ಬಂದರೆ ಉಂಗುರ ಇಲ್ಲ, ಗಟ್ಟಿ ಕಪ್ಪು ಚುಕ್ಕೆ. ಮೀಸೆಯನ್ನು ನಾನು ಪೆನ್ಸಿಲ್‌ನಿಂದ ಎಳೆಯುವುದೇ ಇಲ್ಲ. ಮೊದಲೇ ಮೊಂಡು ಸೂಜಿಯಲ್ಲಿ ಕಾಗದವನ್ನು ಒತ್ತಿ ಗೆರೆ ಮಾಡುತ್ತೇನೆ. ಆಮೇಲೆ ಮೇಲಿಂದ ಪೆನ್ಸಿಲ್ ಆಡಿಸಿದರೆ ತಗ್ಗಿನಲ್ಲಿ ಬಣ್ಣ ಹಿಡಿಯುವುದಿಲ್ಲ, ಮೀಸೆ ಬಿಳಿಯಾಗಿ ಉಳಿಯುತ್ತದೆ.

ಇದನ್ನೆಲ್ಲ ಕಲಿಯುವುದು ಪ್ರಾಣಿಯ ಮುಂದೆ ಕೂತು. ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಚಿರತೆಯ ಆವರಣದ ಎದುರು ಸ್ಕೆಚ್ ಪುಸ್ತಕ ಹಿಡಿದು ಕೂರುತ್ತೇನೆ. ಗರುಡ ಬೇಕಾದರೆ ಮಲ್ಪೆ ಬಂದರಿಗೆ ಹೋಗುತ್ತೇನೆ, ಮೀನು ಇಳಿಸುವ ಹೊತ್ತಿಗೆ. ಹದ್ದಿನ ಬಾಲದ ತುದಿ ಕವಲೊಡೆದಿರುತ್ತದೆ, ಗರುಡನದ್ದು ದುಂಡಗೆ. ಇಷ್ಟು ಗೊತ್ತಿದ್ದರೆ ಆಕಾಶದಲ್ಲಿ ಬರೀ ಕಪ್ಪು ನೆರಳಾಗಿ ಬಿದ್ದ ಹಕ್ಕಿಯೂ ಯಾವುದೆಂದು ತಿಳಿಯುತ್ತದೆ.

ಆದರೆ ಆ ಹಿರಿಯರು ಒಂದು ಪ್ರಶ್ನೆ ಕೇಳಲಿಲ್ಲ. ಯಾರೂ ಕೇಳುವುದಿಲ್ಲ. "ಏನನ್ನು ಬಿಡಿಸದೆ ಬಿಟ್ಟಿರಿ?" ನನಗೆ ಉತ್ತರ ಕೊಡಲು ಇಷ್ಟ ಇರುವುದು ಅದಕ್ಕೆ.

ದುಂಡು ಪಾಪೆ ಎಲ್ಲ ಚಿರತೆಗೂ ಇರುತ್ತದೆ. ಅದನ್ನು ನಾನು ತುಂಬಬಹುದು. ಮೈಮೇಲಿನ ಚುಕ್ಕೆಗಳ ಜೋಡಣೆ ಹಾಗಲ್ಲ. ಅದು ಒಂದು ಚಿರತೆಯದ್ದು ಇನ್ನೊಂದಕ್ಕೆ ಇರುವುದಿಲ್ಲ. ಒಂದೇ ಚಿರತೆಯ ಎಡ ಪಕ್ಕೆ, ಬಲ ಪಕ್ಕೆ ಕೂಡ ಬೇರೆ ಬೇರೆ. ಕಾಡಿನಲ್ಲಿ ಚಿರತೆ ಎಣಿಸುವವರು ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುವುದು ಇದಕ್ಕೇ. ಫೋಟೋವನ್ನು ಎಡಬಲ ತಿರುಗಿಸಿ ಬಿಡಿಸಿದರೂ ಅದು ಎಲ್ಲೂ ಇಲ್ಲದ ಚಿರತೆ ಆಗುತ್ತದೆ. ಹೆಬ್ರಿಯ ಫೋಟೋದಲ್ಲಿ ಹಿಂಭಾಗದ ಚುಕ್ಕೆಗಳು ಕಲಸಿಹೋಗಿದ್ದವು. ಅಲ್ಲಿ ನಾನು ಚಂದಕ್ಕೆ ಅಂತ ಉಂಗುರ ಹಾಕಲಿಲ್ಲ. ಆ ಭಾಗವನ್ನು ಕತ್ತಲಲ್ಲೇ ಬಿಟ್ಟೆ. ಚಿತ್ರದಲ್ಲಿ ನನಗೆ ಹೆಚ್ಚು ಹೊತ್ತು ಹಿಡಿದದ್ದು ಆ ಕತ್ತಲು.

ದೊಡ್ಡ ಮಂಗಟ್ಟೆ ಹಕ್ಕಿಯಲ್ಲೂ ಹೀಗೇ. ಗಂಡಿನ ಕಣ್ಣು ಕೆಂಪು, ಹೆಣ್ಣಿನದ್ದು ಬಿಳಿ. ಚಿತ್ರ ಬೇಕೆಂದವರೊಬ್ಬರು "ಕೆಂಪೇ ಹಾಕಿ, ಚಂದ ಕಾಣ್ತದೆ" ಅಂದರು. ಫೋಟೋದಲ್ಲಿ ಕಣ್ಣು ಇರಲೇ ಇಲ್ಲ. ಅವರು ಹುಡುಕಿ ಇನ್ನೊಂದು ಫೋಟೋ ಕಳಿಸುವ ತನಕ ನಾನು ಆ ಚಿತ್ರ ಮುಟ್ಟಲಿಲ್ಲ.

ಈಗ ಹೊಸ ಸಲಹೆ ಶುರುವಾಗಿದೆ: "ಎಐಗೆ ಹಾಕಿ, ಕ್ಲಿಯರ್ ಮಾಡಿ ಕೊಡ್ತದೆ." ಹಾಗೆ ಕ್ಲಿಯರ್ ಆದ ಒಂದು ಚಿರತೆ ನನಗೆ ಬಂದಿತ್ತು. ಉಂಗುರ ಉಂಗುರದ ಒಳಗೂ ಒಂದೊಂದು ಚುಕ್ಕೆ. ಅದು ಅಮೆರಿಕ ಖಂಡದ ಜಾಗ್ವಾರ್‌ನ ಲಕ್ಷಣ. ನಮ್ಮ ಘಟ್ಟದ ತಪ್ಪಲಿನ ಚಿರತೆಗೆ ಅದನ್ನು ಅಂಟಿಸಿದರೆ ನೋಡಿದವರು ನಂಬುತ್ತಾರೆ, ಸ್ಪಷ್ಟವಾಗಿದೆ ಅಂತ. ನನಗೆ ಹೆದರಿಕೆ ಆಗುವುದು ಅದಕ್ಕೇ. 1515ರಲ್ಲಿ ಗೋವಾದಿಂದ ಹಡಗಿನಲ್ಲಿ ಲಿಸ್ಬನ್‌ಗೆ ಒಂದು ಖಡ್ಗಮೃಗ ಹೋಯಿತು. ಜರ್ಮನಿಯ ಚಿತ್ರಕಾರ ಡ್ಯೂರರ್ ಅದನ್ನು ನೋಡಲೇ ಇಲ್ಲ. ಒಂದು ಪತ್ರ, ಒಂದು ಸ್ಕೆಚ್ ಇಟ್ಟುಕೊಂಡು ಅಚ್ಚಿನ ಚಿತ್ರ ಮಾಡಿದ. ಮೈಗೆಲ್ಲ ಕವಚ, ಬೆನ್ನ ಮೇಲೆ ಇಲ್ಲದ ಒಂದು ಪುಟ್ಟ ಕೊಂಬು. ಗೆರೆಗಳು ಎಷ್ಟು ಖಚಿತ ಅಂದರೆ, ಯುರೋಪಿನ ಜನ ಶತಮಾನಗಳ ಕಾಲ ಖಡ್ಗಮೃಗ ಅಂದರೆ ಹೀಗೇ ಅಂದುಕೊಂಡರು.

ಇನ್ನು ಫೋಟೋ ಕಳಿಸುವವರಿಗೆ. "ಇನ್ನೂ ಸ್ವಲ್ಪ ಹತ್ತಿರ ಹೋಗಿ ತೆಗೀಬೇಕಿತ್ತಾ?" ಅಂತ ದಯವಿಟ್ಟು ಕೇಳಬೇಡಿ. ಬೇಡ. ಚಿರತೆ ಬಾವಿಗೆ ಬಿತ್ತು ಅಂದರೆ ನಮ್ಮ ಕಡೆ ಊರೇ ಫೋನ್ ಹಿಡಿದು ಬಾವಿಕಟ್ಟೆಗೆ ಓಡುತ್ತದೆ. ಒಳಗಿರುವ ಪ್ರಾಣಿ ಮೊದಲೇ ಹೆದರಿ ಸುಸ್ತಾಗಿರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ದೂರ ನಿಲ್ಲಿ. ಪಾಗಾರದ ಮೇಲೆ ಬಂದರೆ ಬಾಗಿಲು ಹಾಕಿ ಕಿಟಕಿಯಿಂದಲೇ ತೆಗೆಯಿರಿ, ಫ್ಲ್ಯಾಶ್ ಬೇಡ. ಮಸುಕಾಗಿ ಬಂದರೆ ಬರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಇದ್ದಷ್ಟಾದರೂ ಹಾಗೇ ಉಳಿಯುತ್ತದೆ. ವಿಡಿಯೋ ಇದ್ದರೆ ಅದನ್ನೂ ಸೇರಿಸಿ.