ಮಾಲಿಬು ದೇವಸ್ಥಾನಕ್ಕೆ ಹೋದ ದಿನವೇ ಆಡಮ್ಸನ್ ಮನೆಯನ್ನೂ ನೋಡಿ ಬನ್ನಿ

ಊರಿಂದ ಅಪ್ಪ ಅಮ್ಮ ಲಾಸ್ ಏಂಜಲಿಸ್ ಕಡೆಗೆ ಬಂದರೆ ನಾವೆಲ್ಲ ಮೊದಲು ಕರೆದುಕೊಂಡು ಹೋಗುವುದು ಕಲಬಾಸಾಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ. ಬಾಯಿಮಾತಿನಲ್ಲಿ ಅದು ಮಾಲಿಬು ದೇವಸ್ಥಾನ. ದರ್ಶನ ಆಯಿತು, ಪ್ರಸಾದ ಆಯಿತು, ಬೆಟ್ಟ ಇಳಿದು ಸಮುದ್ರ ನೋಡಿ ವಾಪಸ್. ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೆ. ಅದೇ ಸಮುದ್ರದ ದಂಡೆಯಲ್ಲಿ ಒಂದು ಹಳೆಯ ಸ್ಪ್ಯಾನಿಷ್ ಶೈಲಿಯ ಮನೆ ಇದೆ. ಈ ಸಲ ಅದಕ್ಕೆಂದೇ ಅರ್ಧ ದಿನ ತೆಗೆದಿಟ್ಟೆವು.

ದೇವಸ್ಥಾನದಿಂದ ಮಾಲಿಬು ಕಣಿವೆಯ ರಸ್ತೆ ಹಿಡಿಯಿರಿ. ಸುಮಾರು ಇಪ್ಪತ್ತು ನಿಮಿಷದ ದಾರಿ. ತಿರುವು ಜಾಸ್ತಿ, ಮಧ್ಯೆ ಒಂದು ಸುರಂಗವೂ ಬರುತ್ತದೆ. ತಲೆ ಸುತ್ತುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಸಮುದ್ರ ಕಂಡ ಮೇಲೆ ಹೆದ್ದಾರಿಯಲ್ಲಿ ಎಡಕ್ಕೆ ತಿರುಗಿ. ಹೊಳೆಯ ಸೇತುವೆ ದಾಟಿದ ಕೂಡಲೇ ಬಲಗಡೆಗೆ ಆಡಮ್ಸನ್ ಮನೆ. ಸುಮ್ನೆ ಹೋಗುತ್ತಿದ್ದರೆ ಗೊತ್ತೇ ಆಗುವುದಿಲ್ಲ, ಮರಗಳ ಹಿಂದೆ ಅಡಗಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯೊಳಗೆ ವಾರದ ಎಲ್ಲ ದಿನ ಬಿಡುವುದಿಲ್ಲ. ಹೋದ ವರ್ಷ ವಿಚಾರಿಸದೆ ಒಂದು ಸೋಮವಾರ ಹೋಗಿ, ಬಾಗಿಲು ಮುಚ್ಚಿದ್ದು ನೋಡಿ ಬೇಜಾರಾಗಿತ್ತು. ತೋಟಕ್ಕೆ ಟಿಕೆಟ್ ಇಲ್ಲ, ಹಾಗಾಗಿ ಅದನ್ನಷ್ಟೇ ಸುತ್ತಿ ಬಂದೆವು. ಈ ಸಲ ದಿನ, ಸಮಯ ಎರಡನ್ನೂ ಮೊದಲೇ ಕೇಳಿಕೊಂಡು ಶನಿವಾರ ಹೋದೆವು. ಶನಿವಾರವಾದರೆ ದೇವಸ್ಥಾನದ ಕ್ಯಾಂಟೀನಿನಲ್ಲೇ ತಿಂಡಿ ಮುಗಿಸಿಕೊಂಡು ಹೊರಡಬಹುದು.

ಮನೆಯ ಕಥೆ ಸ್ವಲ್ಪ ಗೊತ್ತಿದ್ದರೆ ನೋಡುವುದಕ್ಕೆ ಚೆನ್ನ. 1892ರಲ್ಲಿ ಫ್ರೆಡರಿಕ್ ರಿಂಜ್ ಎಂಬ ಶ್ರೀಮಂತ ಇಲ್ಲಿನ ದೊಡ್ಡ ಜಮೀನು ಕೊಂಡ. ಅವನು ತೀರಿಕೊಂಡದ್ದು 1905ರಲ್ಲಿ. ಆಮೇಲೆ ಹೆಂಡತಿ ಮೇ ರಿಂಜ್ ಒಬ್ಬಳೇ ಎಲ್ಲವನ್ನೂ ನಡೆಸಿದಳು. ಜಮೀನಿನಲ್ಲಿ ಒಳ್ಳೆಯ ಜೇಡಿಮಣ್ಣು ಸಿಕ್ಕಿತು. 1926ರಲ್ಲಿ ಮಾಲಿಬು ಪಾಟರೀಸ್ ಎಂಬ ಟೈಲ್ಸ್ ಕಾರ್ಖಾನೆ ಶುರು ಮಾಡಿದಳು. 1931ರಲ್ಲಿ ಅದಕ್ಕೆ ಬೆಂಕಿ ಬಿತ್ತು, ಮರುವರ್ಷ ಮುಚ್ಚಿಯೇ ಹೋಯಿತು. ಅಷ್ಟು ಕಡಿಮೆ ಕಾಲದಲ್ಲಿ ತಯಾರಾದ ಟೈಲ್ಸ್ ಇಷ್ಟೊಂದು ಒಂದೇ ಕಡೆ ಉಳಿದಿರುವುದೇ ಈ ಮನೆಯ ವಿಶೇಷ. ಮಗಳು ರೋಡಾ ಮತ್ತು ಅಳಿಯ ಮೆರಿಟ್ ಆಡಮ್ಸನ್‌ಗಾಗಿ ಸ್ಟೈಲ್ಸ್ ಕ್ಲೆಮೆಂಟ್ಸ್ ಎಂಬ ವಾಸ್ತುಶಿಲ್ಪಿ ಇದರ ನಕ್ಷೆ ಮಾಡಿದ. 1929ರಲ್ಲಿ ಕೆಲಸ ಶುರುವಾಗಿ ಮರುವರ್ಷ ಮುಗಿಯಿತು. ಮೊದಲು ಬೇಸಿಗೆಗೆ ಬಂದು ಹೋಗುವ ಮನೆ. 1936ರ ನಂತರ ವರ್ಷವಿಡೀ ಸಂಸಾರ ಇಲ್ಲೇ.

ಬಿಳಿ ಗೋಡೆ, ಕೆಂಪು ಹೆಂಚು, ಕಿಟಕಿಗೆ ಕಬ್ಬಿಣದ ಕುಸುರಿ ಕೆಲಸ. ಹೊರಗಿಂದ ನೋಡಿದಾಗ ಅಮ್ಮನಿಗೆ ಹೆಂಚೇ ಮೊದಲು ಕಂಡಿದ್ದು. "ನಮ್ಮ ಹಳೇ ಮನೆ ಥರಾನೇ ಇದೆ ಕಣೋ" ಅಂದರು. ಒಳಗೆ ಹೋದ ಮೇಲೆ ನಿಂತುಬಿಟ್ಟರು. ಎದುರಿಗೆ ನೆಲದ ಮೇಲೆ ಉದ್ದಕ್ಕೆ ಒಂದು ಪರ್ಷಿಯನ್ ಜಮಖಾನ ಹಾಸಿತ್ತು.

"ಇದರ ಮೇಲೆ ಚಪ್ಪಲಿ ಹಾಕ್ಕೊಂಡು ನಡೀಬಹುದಾ?"

"ಅದು ಜಮಖಾನ ಅಲ್ಲಮ್ಮ, ಟೈಲ್ಸು."

ಅಂಚಿನ ಕುಚ್ಚು ಕೂಡ ಟೈಲ್ಸಿನದೇ! ಅಮ್ಮ ಬಗ್ಗಿ ನೋಡಿದ ಮೇಲೇ ನಂಬಿದ್ದು. ಇಲ್ಲಿ ಬೇಗ ಬೇಗ ಮುಂದೆ ಹೋಗಬೇಡಿ. ಬಣ್ಣ ಎಲ್ಲಿ ಗಾಢ, ಎಲ್ಲಿ ತಿಳಿ ಅಂತ ನಿಧಾನವಾಗಿ ನೋಡಿ.

ನನಗೆ ಜಾಸ್ತಿ ಹಿಡಿಸಿದ್ದು ದಿನಬಳಕೆಯ ಜಾಗಗಳು. ಅಡುಗೆಮನೆಯ ಗೋಡೆಗಡಿಯಾರಕ್ಕೂ ಟೈಲ್ಸಿನ ಮುಖ. ಬಚ್ಚಲುಮನೆಗಳಿಗೆ ನೆಲದಿಂದ ಸೂರಿನವರೆಗೆ ಟೈಲ್ಸ್. ಹೊರಗೆ ನಾಯಿಗೆ ಸ್ನಾನ ಮಾಡಿಸಲೆಂದೇ ಒಂದು ಟೈಲ್ಸ್ ತೊಟ್ಟಿ. ಮೂರು ಮಕ್ಕಳಿದ್ದ ಮನೆ, ಹೊರಗೆ ಕಾಲಿಟ್ಟರೆ ಮರಳು. ದಂಡೆಯಲ್ಲಿ ಓಡಿ ಬಂದ ನಾಯಿ, ಒದ್ದೆ ಕಾಲಿನ ಮಕ್ಕಳು, ಒಂದು ಬಕೆಟ್ ನೀರು. ಅಲ್ಲಿ ನಿಂತರೆ ಇದೆಲ್ಲ ಕಣ್ಣಿಗೆ ಕಟ್ಟುತ್ತದೆ. ಅಂದಕ್ಕಾಗಿ ಮಾಡಿದ ಟೈಲ್ಸು ತೊಳೆಯುವುದಕ್ಕೂ ಅಷ್ಟೇ ಸುಲಭ, ಅಲ್ವಾ?

ಅಪ್ಪನಿಗೆ ಹಿಡಿಸಿದ್ದು ಹಾಲಿನ ಕಥೆ. ಆಡಮ್ಸನ್ ದಂಪತಿಯದು ದೊಡ್ಡ ಡೇರಿ, ಹೆಸರು ಅಡೋರ್. ರೋಡಾ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ಈ ಹೆಸರು ಬರುತ್ತದೆ. ಅಲ್ಲಿ ಸಾಕುತ್ತಿದ್ದದ್ದು ಗರ್ನ್ಸಿ ತಳಿಯ ಹಸುಗಳು. ಊರಲ್ಲಿ ಹಸು ಕಟ್ಟಿದ ಅಪ್ಪ ಮನೆ ತೋರಿಸುವವರನ್ನು ಬಿಡದೆ ಪ್ರಶ್ನೆ ಕೇಳಿದರು. ಅವರು ಸಂಬಳವಿಲ್ಲದೆ ಪ್ರೀತಿಯಿಂದ ಈ ಕೆಲಸ ಮಾಡುವವರು, ಕೇಳಿದಷ್ಟೂ ಖುಷಿಯಿಂದ ಹೇಳುತ್ತಾರೆ. ಕೇಳಲು ಸಂಕೋಚ ಬೇಡ. ನಾವು ಸಾಲು ಸಾಲಾಗಿ ಅನುವಾದ ಮಾಡುತ್ತಾ ಹೋದೆವು. ಹಿರಿಯರ ಜೊತೆ ಹೋಗುವವರು ಇದಕ್ಕೆ ತಯಾರಾಗಿ ಹೋಗಿ. ಮೇಲಿನ ಮಹಡಿಗೆ ಮೆಟ್ಟಿಲು ಹತ್ತಬೇಕು, ಮಂಡಿ ನೋವಿದ್ದವರು ಮೊದಲೇ ಹೇಳಿದರೆ ಒಳ್ಳೆಯದು. ಒಳಗೆ ಫೋಟೋ ತೆಗೆಯಬೇಡಿ ಅಂತ ನಮಗೆ ಹೇಳಿದರು. ಅದರಿಂದ ಎಲ್ಲರೂ ಕಣ್ಣಲ್ಲೇ ನೋಡಿದೆವು.

ರೋಡಾ 1962ರಲ್ಲಿ ತೀರಿಕೊಂಡ ಮೇಲೆ ಜಾಗ ಸರ್ಕಾರಕ್ಕೆ ಹೋಯಿತು. ಇದನ್ನು ಕೆಡವಿ ಸಮುದ್ರಕ್ಕೆ ಬರುವವರ ಕಾರು ನಿಲ್ಲಿಸುವ ಜಾಗ ಮಾಡುವ ಯೋಚನೆಯೂ ಇತ್ತಂತೆ. ಊರಿನವರು ಹೋರಾಡಿ ಉಳಿಸಿಕೊಂಡರು. ಕಾರು ನಿಲ್ಲಿಸುತ್ತಿದ್ದ ಶೆಡ್ಡೇ ಈಗ ಪುಟ್ಟ ಮ್ಯೂಸಿಯಂ, ಹತ್ತು ನಿಮಿಷ ಸಾಕು.

ತೋಟಕ್ಕೆ ಮಾತ್ರ ಒಂದು ಗಂಟೆಯಾದರೂ ಇಟ್ಟುಕೊಳ್ಳಿ. ಕಲ್ಲು ಹಾಸಿದ ದಾರಿ, ಗುಲಾಬಿ, ಎತ್ತರದ ತಾಳೆ ಜಾತಿಯ ಮರಗಳು, ಟೈಲ್ಸಿನ ಕಾರಂಜಿಗಳು. ನವಿಲಿನ ಚಿತ್ರದ ಕಾರಂಜಿಯ ಮುಂದೆ ಅಮ್ಮನ ಫೋಟೋ ತೆಗೆದೆ. ಹೊರಗೆ ಅಡ್ಡಿಯಿಲ್ಲ. ಹುಲ್ಲಿನ ಅಂಚಿಗೆ ಬಂದರೆ ಒಂದು ಕಡೆ ಅಲೆ ಸವಾರಿ ಮಾಡುವ ಹುಡುಗರು, ಇನ್ನೊಂದು ಕಡೆ ಹೊಳೆ ಸಮುದ್ರ ಸೇರುವ ಅಳಿವೆ, ಅಲ್ಲಿ ಪೆಲಿಕನ್ ಹಕ್ಕಿಗಳು. ಚುಮಾಶ್ ಎಂಬ ಮೂಲನಿವಾಸಿಗಳ ಹುಮಾಲಿವೋ ಎಂಬ ಊರು ಇದ್ದದ್ದು ಇಲ್ಲೇ. ಅಲೆಯ ಸದ್ದು ಜೋರಾಗಿ ಕೇಳುವ ಜಾಗ ಅಂತ ಅರ್ಥ. ಮಾಲಿಬು ಎಂಬ ಹೆಸರು ಬಂದದ್ದು ಅದರಿಂದಲೇ.

ರಜೆ ದಿನ ರಸ್ತೆ ಪಕ್ಕ ಕಾರಿಗೆ ಜಾಗ ಸಿಗುವುದು ಕಷ್ಟ. ಸುಮ್ನೆ ಸುತ್ತುವ ಬದಲು ದುಡ್ಡು ಕೊಟ್ಟು ನಿಲ್ಲಿಸಿ. ಜೂನ್‌ನಲ್ಲೂ ಬೆಳಿಗ್ಗೆ ಮಂಜು ಮುಸುಕಿ ಚಳಿ ಇರುತ್ತದೆ, ಹಿರಿಯರಿಗೆ ಸ್ವೆಟರ್ ಇಟ್ಟುಕೊಳ್ಳಿ. ಸಂಜೆ ಹೆದ್ದಾರಿಯಲ್ಲಿ ಕಾರುಗಳ ಸಾಲು ಬೆಳೆಯುವ ಮೊದಲೇ ಹೊರಡಿ. ನಾವು ಮೂರೂವರೆಗೆ ಹೊರಟೆವು, ಅಮ್ಮ ಇನ್ನೂ ಹತ್ತು ನಿಮಿಷ ಕೇಳುತ್ತಿದ್ದರು.